ಲಾಟ್ ವಾಪಸ್ ಬಂದ ದಿನದ ಸಿಟ್ಟು

ಪ್ರಶ್ನೆ: ಪೀಣ್ಯದಲ್ಲಿ ನನ್ನದೊಂದು ಸಣ್ಣ ಮಷೀನ್ ಶಾಪ್ ಇದೆ. ದೊಡ್ಡ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುತ್ತೇವೆ. ಪೇಮೆಂಟ್ ತಡವಾದರೆ, ಮಾಲು ರಿಜೆಕ್ಟ್ ಆಗಿ ವಾಪಸ್ ಬಂದರೆ ನನಗೆ ತಲೆ ನಿಲ್ಲುವುದಿಲ್ಲ. ಹುಡುಗರ ಮೇಲೆ ರೇಗಾಡುತ್ತೇನೆ, ರಾತ್ರಿ ನಿದ್ದೆ ಬರುವುದಿಲ್ಲ. ಪಕ್ಕದ ಶೆಡ್ಡಿನವರಿಗೂ ಇದೇ ಕಷ್ಟ, ಆದರೆ ಅವರು ತಣ್ಣಗಿರುತ್ತಾರೆ. ಇದು ಹುಟ್ಟುಗುಣವೋ, ಕಲಿತು ಬರುವಂಥದ್ದೋ? ರೇಗಿದ ಮೇಲೆ ಹುಡುಗರ ಹತ್ತಿರ ತಪ್ಪಾಯಿತು ಅಂದರೆ ಸದರವಾಗುವುದಿಲ್ಲವೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಹುಟ್ಟಿನಿಂದ ಬರುವ ಪಾಲು ಇದ್ದೇ ಇದೆ. ಕೆಲವರ ಎದೆಬಡಿತ ಬೇಗ ಏರುತ್ತದೆ, ಇಳಿಯುವುದು ತಡ. ಆದರೆ ಉಳಿದ ಪಾಲು ಎಷ್ಟು ದೊಡ್ಡದು ಎಂಬುದಕ್ಕೆ ಸಾಕ್ಷಿ ನಿಮ್ಮ ದಿನಚರಿಯಲ್ಲೇ ಸಿಗಬಹುದು. ಮಾಲು ವಾಪಸ್ ಕಳಿಸಿದ ಕಂಪನಿಯ ಪರ್ಚೇಸ್ ಮ್ಯಾನೇಜರ್ ಎದುರು ನೀವು ಎಂದಾದರೂ ಕೂಗಾಡಿದ್ದೀರಾ? ಬಹುಶಃ ಇಲ್ಲ. ಅಲ್ಲಿ "ಆಗಲಿ ಸರ್, ರೀವರ್ಕ್ ಮಾಡಿ ಕಳಿಸ್ತೀವಿ" ಎಂದು ಹೇಳಿ, ಡೆಬಿಟ್ ನೋಟು ಮಡಚಿ ಜೇಬಿಗಿಟ್ಟುಕೊಂಡು ಹೊರಬಂದಿರುತ್ತೀರಿ. ಸಿಟ್ಟು ಹೊರಬೀಳುವುದು ಶೆಡ್ಡಿಗೆ ಬಂದ ಮೇಲೆ, ಲೇತಿನ ಮುಂದೆ ನಿಂತ ಹುಡುಗನ ಮೇಲೆ. ಒಂದೇ ದಿನ, ಒಂದೇ ನಷ್ಟ, ಒಬ್ಬನೇ ಮನುಷ್ಯ. ಒಂದು ಕಡೆ ಹಿಡಿತ ಇತ್ತು, ಇನ್ನೊಂದು ಕಡೆ ಇರಲಿಲ್ಲ. ಇದನ್ನು ಚುಚ್ಚಿ ಹೇಳುತ್ತಿಲ್ಲ. ನಿಮ್ಮಲ್ಲಿ ಆ ಶಕ್ತಿ ಆಗಲೇ ಇದೆ, ಹೊಸದಾಗಿ ಎಲ್ಲಿಂದಲೋ ತರಬೇಕಿಲ್ಲ ಎಂದು ತೋರಿಸಲು ಹೇಳುತ್ತಿದ್ದೇನೆ.

ಹಾಗಂತ ಶೆಡ್ಡಿನಲ್ಲೂ ಸಿಟ್ಟು ನುಂಗಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ನುಂಗುವುದಕ್ಕೆ ತೆರಬೇಕಾದ ಬೆಲೆ ಇದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಜೇಮ್ಸ್ ಗ್ರಾಸ್ ಭಾವನೆಗಳ ನಿಭಾವಣೆಯನ್ನೇ ದಶಕಗಳಿಂದ ಅಭ್ಯಾಸ ಮಾಡಿದವರು. ಅವರ ಪ್ರಯೋಗಗಳಲ್ಲಿ ಮುಖದ ಮೇಲೆ ಏನನ್ನೂ ತೋರಿಸದೆ ಅದುಮಿಟ್ಟುಕೊಂಡವರ ಒಳಗಿನ ತಳಮಳ ಇಳಿಯಲಿಲ್ಲ. ಹೃದಯ, ರಕ್ತನಾಳಗಳ ಮೇಲಿನ ಒತ್ತಡ ಏರಿತು, ಆ ಹೊತ್ತಿನಲ್ಲಿ ಕಂಡು ಕೇಳಿದ್ದೂ ಸರಿಯಾಗಿ ನೆನಪುಳಿಯಲಿಲ್ಲ. 2003ರಲ್ಲಿ ಎಮಿಲಿ ಬಟ್ಲರ್ ಮತ್ತು ಸಂಗಡಿಗರು ಇನ್ನೊಂದು ಸಂಗತಿ ಕಂಡುಕೊಂಡರು: ಒಬ್ಬರು ಭಾವನೆ ಅದುಮಿಟ್ಟು ಮಾತಾಡುತ್ತಿದ್ದರೆ ಎದುರು ಕೂತವರ ರಕ್ತದೊತ್ತಡವೂ ಏರುತ್ತದೆ. ಏನೂ ಮಾತಾಡದೆ ಬಿಗಿದುಕೊಂಡ ಮುಖದಲ್ಲಿ ಮನೆಗೆ ಹೋದ ದಿನ ಮನೆಯವರೆಲ್ಲ ಯಾಕೆ ತಡಬಡಾಯಿಸುತ್ತಾರೆ ಎಂಬುದಕ್ಕೆ ಇದೂ ಒಂದು ಉತ್ತರ.

ಕೂಗಿ ಹೊರಹಾಕಿದರೆ ಹಗುರಾಗುತ್ತದೆ ಎಂಬ ನಂಬಿಕೆಯೂ ನಿಲ್ಲುವುದಿಲ್ಲ. ಬ್ರ್ಯಾಡ್ ಬುಶ್ಮನ್ 2002ರಲ್ಲಿ ಇದನ್ನು ನೇರವಾಗಿ ಪರೀಕ್ಷಿಸಿದರು. ಸಿಟ್ಟು ಬರಿಸಿದವನನ್ನು ನೆನೆಯುತ್ತಾ ಪಂಚಿಂಗ್ ಬ್ಯಾಗಿಗೆ ಗುದ್ದಿದವರ ಸಿಟ್ಟು, ಸುಮ್ಮನೆ ಕೂತವರಿಗಿಂತ ಹೆಚ್ಚೇ ಇತ್ತು. ಗುದ್ದುವಾಗಲೂ ಕೂಗುವಾಗಲೂ ಮನಸ್ಸು ಅದೇ ವಿಷಯವನ್ನು ಮತ್ತೆ ಮತ್ತೆ ತಿರುವಿಹಾಕುತ್ತಿರುತ್ತದೆ. ಸಿಟ್ಟಿಗೆ ಅದೇ ಮೇವು.

ಹಾಗಾದರೆ ಉಳಿದ ದಾರಿ ಯಾವುದು? ಗ್ರಾಸ್ 1998ರಲ್ಲಿ ಮುಂದಿಟ್ಟ ವಿಚಾರ ನಿಮಗೆ ತುಂಬ ಉಪಯೋಗಕ್ಕೆ ಬರುತ್ತದೆ. ಭಾವನೆ ಒಮ್ಮೆಲೇ ಹುಟ್ಟುವುದಿಲ್ಲ. ಮೊದಲು ಒಂದು ಸಂದರ್ಭ ಒದಗುತ್ತದೆ, ಅದರಲ್ಲಿ ಯಾವುದೋ ಒಂದರ ಮೇಲೆ ನಮ್ಮ ಗಮನ ಹೋಗುತ್ತದೆ, ಅದಕ್ಕೆ ನಾವೊಂದು ಅರ್ಥ ಕಟ್ಟುತ್ತೇವೆ, ಆಮೇಲೆ ಮೈ ಬಿಸಿಯಾಗಿ ಬಾಯಿ ತೆರೆಯುತ್ತದೆ. ನಾವೆಲ್ಲ ಹೆಣಗಾಡುವುದು ಈ ಕೊನೆಯ ಹಂತದಲ್ಲಿ, ಬಾಯಿ ಮುಚ್ಚಲು. ಅಷ್ಟು ಹೊತ್ತಿಗೆ ಕೆಲಸ ಕೈಮೀರಿರುತ್ತದೆ. ಎಷ್ಟು ಮುಂಚೆ ಕೈಹಾಕುತ್ತೇವೋ ಅಷ್ಟು ಸುಲಭ. ಪಕ್ಕದ ಶೆಡ್ಡಿನವರ ಗುಟ್ಟು ಇದೇ ಇರಬಹುದು: ಅವರ ತಾಳ್ಮೆ ನಿಮಗಿಂತ ದೊಡ್ಡದೇನಲ್ಲ, ಅವರಿಗೆ ತಾಳ್ಮೆ ಬೇಕಾಗುವ ಗಳಿಗೆಗಳೇ ಕಡಿಮೆ.

ಸಂದರ್ಭದಿಂದಲೇ ಶುರು ಮಾಡೋಣ. ನಿಮ್ಮಂಥವರ ಒತ್ತಡಕ್ಕೆ ಕ್ಯಾಲೆಂಡರಿನಲ್ಲಿ ಜಾಗ ಗೊತ್ತಿದೆ. 7ರೊಳಗೆ ಸಂಬಳ. 15ರೊಳಗೆ ಪಿಎಫ್, ಇಎಸ್‌ಐ. 20ಕ್ಕೆ ಜಿಎಸ್‌ಟಿ. ಅದರಲ್ಲೂ ಜಿಎಸ್‌ಟಿಯ ಪೆಟ್ಟು ಬೇರೆಯೇ. ತಿಂಗಳು ತಿಂಗಳು ರಿಟರ್ನ್ ಹಾಕುವವರು, ದುಡ್ಡು ಕೈಗೆ ಬಂದಿರಲಿ ಬಿಡಲಿ, ಬಿಲ್ ಹಾಕಿದ ತಿಂಗಳ ತೆರಿಗೆಯನ್ನು ಮುಂದಿನ ತಿಂಗಳ 20ಕ್ಕೆ ಕಟ್ಟಲೇಬೇಕು. ಬಾರದ ದುಡ್ಡಿನ ಮೇಲಿನ ತೆರಿಗೆಯನ್ನು ಓಡಿಯಿಂದ ತೆಗೆದು, ಅದಕ್ಕೆ ಬಡ್ಡಿಯನ್ನೂ ಕಟ್ಟುವ ಮನುಷ್ಯನಿಗೆ ರೇಗದೆ ಇರು ಎಂದು ಉಪದೇಶ ಮಾಡುವುದು ಸುಲಭ, ನ್ಯಾಯವಲ್ಲ. ಕಳೆದ ನಾಲ್ಕೈದು ತಿಂಗಳಲ್ಲಿ ನೀವು ಜೋರಾಗಿ ರೇಗಿದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನೋಡಿ. ಬಹಳಷ್ಟು ಗುರುತುಗಳು ಈ ತಾರೀಖುಗಳ ಆಸುಪಾಸಿನಲ್ಲೇ ಬಿದ್ದರೆ ನಿಮ್ಮ ಸಮಸ್ಯೆಯ ಒಂದು ದೊಡ್ಡ ಭಾಗ ಸ್ವಭಾವದ್ದಲ್ಲ, ದುಡ್ಡಿನ ಹರಿವಿನದ್ದು. ಅದಕ್ಕೆ ಧ್ಯಾನ ಮದ್ದಲ್ಲ, ವಸೂಲಿ ಮದ್ದು.

ವಸೂಲಿಗೆ ಕಾನೂನಿನ ಬೆಂಬಲ ಇದೆ. ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ, ಕರಾರಿನಲ್ಲಿ ಏನೇ ಬರೆದಿದ್ದರೂ, ಮಾಲು ಒಪ್ಪಿಕೊಂಡ 45 ದಿನದೊಳಗೆ ಹಣ ಸಂದಾಯವಾಗಬೇಕು ಎನ್ನುತ್ತದೆ 2006ರ ಎಂಎಸ್‌ಎಂಇಡಿ ಕಾಯ್ದೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2023ರ ಬಜೆಟ್ಟಿನಲ್ಲಿ ಇನ್ನೊಂದು ನಿಯಮ ಸೇರಿತು: ಈ ಗಡುವಿನೊಳಗೆ ಕೊಡದ ಹಣವನ್ನು ಖರೀದಿದಾರ ಕಂಪನಿ ಆ ವರ್ಷದ ಖರ್ಚೆಂದು ತೋರಿಸಿ ತೆರಿಗೆ ಉಳಿಸುವಂತಿಲ್ಲ. ಟ್ರೆಡ್ಸ್ ವೇದಿಕೆಗಳಿಗೆ ನಿಮ್ಮ ಗಿರಾಕಿ ಕಂಪನಿ ಸೇರಿದ್ದರೆ, ಅವರು ಒಪ್ಪಿದ ಬಿಲ್ಲನ್ನು ಅಲ್ಲಿ ಡಿಸ್ಕೌಂಟ್ ಮಾಡಿಸಿ ಮುಂಚೆಯೇ ಹಣ ಪಡೆಯಬಹುದು. ದೂರು ಕೊಟ್ಟರೆ ಮುಂದಿನ ಆರ್ಡರ್ ತಪ್ಪೀತು ಎಂಬ ಹೆದರಿಕೆ ನನಗೆ ಅರ್ಥವಾಗುತ್ತದೆ, ಅದು ಸುಳ್ಳು ಹೆದರಿಕೆಯೂ ಅಲ್ಲ. ಅದಕ್ಕೇ ದೂರಿಗಿಂತ ಮೊದಲು ಮಾಡಬೇಕಾದದ್ದು ಒಂದಿದೆ. ಪಿಒ ನಂಬರ್ ತಾಳೆಯಾಗದ್ದರಿಂದ, ಸ್ಟೋರಿನಲ್ಲಿ ಜಿಆರ್‌ಎನ್ ಎಂಟ್ರಿ ಬೀಳದ್ದರಿಂದ ಎಷ್ಟೋ ಬಿಲ್ಲುಗಳು ತಿಂಗಳುಗಟ್ಟಲೆ ಕೂತಿರುತ್ತವೆ. ಮಾಲು ಕಳಿಸಿದ ಐದನೇ ದಿನ "ಜಿಆರ್‌ಎನ್ ಆಗಿದೆಯಾ?" ಎಂದು ಕೇಳುವ ಫೋನಿಗೆ ಧೈರ್ಯ ಬೇಡ, ಸಿಟ್ಟೂ ಬೇಡ. ಅರವತ್ತನೇ ದಿನದ ಫೋನಿಗೆ ಎರಡೂ ಬೇಕು.

ಇನ್ನು ಅರ್ಥ ಕಟ್ಟುವ ಹಂತ. 2004ರಲ್ಲಿ ಸ್ಯಾಲಿ ಡಿಕರ್ಸನ್ ಮತ್ತು ಮಾರ್ಗರೆಟ್ ಕೆಮೆನಿ, ಒತ್ತಡ ಬಂದಾಗ ದೇಹದಲ್ಲಿ ಕಾರ್ಟಿಸೋಲ್ ಎಂಬ ಹಾರ್ಮೋನು ಏರುವ ಬಗೆಯ ಮೇಲೆ ನಡೆದ 208 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬರೀ ಕಷ್ಟದ ಕೆಲಸದಿಂದ ಅದು ಅಷ್ಟಾಗಿ ಏರುತ್ತಿರಲಿಲ್ಲ. ತುಂಬ ಏರಿದ್ದು ಎರಡು ಸಂಗತಿ ಸೇರಿದಾಗ: ವಿಷಯ ನಮ್ಮ ಕೈಯಲ್ಲಿಲ್ಲ ಎನಿಸಬೇಕು, ಜೊತೆಗೆ ಬೇರೆಯವರು ನಮ್ಮನ್ನು ಅಳೆದು ಕೀಳಾಗಿ ನೋಡುತ್ತಿದ್ದಾರೆ ಎನಿಸಬೇಕು. ರಿಜೆಕ್ಷನ್ ಎಂಬುದು ಇವೆರಡರ ಪಕ್ಕಾ ಜೋಡಿ. ಹಾಗಾಗಿ ಲಾಟ್ ವಾಪಸ್ ಬಂದಾಗ ನಿಮಗೆ ಆಗುವ ಸಂಕಟ ದುಡ್ಡಿನದ್ದಷ್ಟೇ ಅಲ್ಲ. "ಇವನ ಕೆಲಸ ಇಷ್ಟೇ" ಎಂದು ಅವರು ಅಂದುಕೊಂಡರಲ್ಲ ಎಂಬ ನೋವು ಅದರೊಳಗಿದೆ. ಇಪ್ಪತ್ತು ವರ್ಷದ ಹೆಸರು ಒಂದು ಡೆಬಿಟ್ ನೋಟಿನಲ್ಲಿ ಕರಗಿತೇನೋ ಎಂಬ ಭಯವೂ ಇದ್ದೀತು. ಈ ಭಯವನ್ನು ಮೆತ್ತಗೆ, ನಿಮಗೆ ನೀವೇ, ಹೆಸರಿಟ್ಟು ಹೇಳಿಕೊಳ್ಳಿ: ನನಗೆ ಅವಮಾನವಾಗಿದೆ, ನನಗೆ ಹೆದರಿಕೆಯಾಗಿದೆ. ಹೀಗೆ ಭಾವನೆಗೆ ಹೆಸರು ಕೊಟ್ಟಾಗ ಮಿದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಭಾಗದ ಚಟುವಟಿಕೆ ಇಳಿಯುವುದನ್ನು ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ತೋರಿಸಿತು. ಹೆದರಿಕೆ ಎಂದು ಗೊತ್ತಾದ ಮೇಲೆ ಅದನ್ನು ಇನ್ನೊಬ್ಬರ ಮೇಲೆ ಸಿಟ್ಟಾಗಿ ಎಸೆಯುವುದು ಕಷ್ಟವಾಗುತ್ತದೆ.

ಮೈಗೂ ಸ್ವಲ್ಪ ಹೊತ್ತು ಕೊಡಬೇಕು. ಅಡ್ರಿನಲಿನ್ ಕ್ಷಣಗಳಲ್ಲಿ ಏರುತ್ತದೆ. ಕಾರ್ಟಿಸೋಲ್ ಹಾಗಲ್ಲ, ಅದು ಶಿಖರ ಮುಟ್ಟುವುದೇ ಸುಮಾರು 20ರಿಂದ 40 ನಿಮಿಷಕ್ಕೆ, ಇಳಿಯಲು ಇನ್ನೂ ಹೊತ್ತು. ಆದ್ದರಿಂದ ಕೆಟ್ಟ ಸುದ್ದಿ ಬಂದ ಮೊದಲ ಒಂದು ಗಂಟೆಯಲ್ಲಿ ಯಾರನ್ನೂ ಕೆಲಸದಿಂದ ತೆಗೆಯಬೇಡಿ, ಇ-ಮೇಲಿಗೆ ಉತ್ತರ ಬರೆಯಬೇಡಿ, ರೇಟು ಇಳಿಸಿ ಒಪ್ಪಿಕೊಳ್ಳಬೇಡಿ. "ನೋಡಿ ಫೋನ್ ಮಾಡ್ತೀನಿ" ಎಂಬ ಒಂದು ಮಾತು ಸಾಕು. ಶೆಡ್ಡಿನ ಹೊರಗೆ ನಾಲ್ಕು ಹೆಜ್ಜೆ ನಡೆಯಿರಿ. ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದು ಉದ್ದವಿರಲಿ. ಉಸಿರು ಬಿಡುವಾಗ ಎದೆಬಡಿತ ಸಹಜವಾಗಿಯೇ ನಿಧಾನವಾಗುತ್ತದೆ. ಇದೆಲ್ಲ ಆ ಹೊತ್ತಿನಲ್ಲಿ ತಾನಾಗಿ ಹೊಳೆಯುವುದಿಲ್ಲ, ಮುಂಚೆಯೇ ನಿಗದಿ ಮಾಡಿಟ್ಟುಕೊಳ್ಳಬೇಕು. "ರಿಜೆಕ್ಷನ್ ಫೋನ್ ಬಂದರೆ ಮೊದಲು ಗೇಟಿನವರೆಗೆ ಹೋಗಿ ಬರುತ್ತೇನೆ" ಎಂದು ಹೀಗಾದರೆ ಹೀಗೆ ಎಂಬ ರೂಪದಲ್ಲಿ ಮಾಡಿದ ನಿರ್ಧಾರಗಳು, ಬರೀ "ಇನ್ನು ಮೇಲೆ ಸಿಟ್ಟು ಮಾಡಲ್ಲ" ಎಂಬ ಸಂಕಲ್ಪಕ್ಕಿಂತ ಹೆಚ್ಚು ಬಾಳಿಕೆ ಬರುತ್ತವೆ. ಪೀಟರ್ ಗಾಲ್ವಿಟ್ಸರ್ ಅವರ ಜೀವಮಾನದ ಸಂಶೋಧನೆ ಇದರ ಮೇಲೆಯೇ.

ನಿದ್ದೆಯ ಮಾತು ನೀವೇ ಎತ್ತಿದ್ದೀರಿ. 2007ರ ಒಂದು ಅಧ್ಯಯನದಲ್ಲಿ ಒಂದು ರಾತ್ರಿಯ ನಿದ್ದೆ ಪೂರ್ತಿ ಬಿಟ್ಟವರ ಅಮಿಗ್ಡಲಾ, ಅಹಿತಕರ ಚಿತ್ರ ಕಂಡಾಗ ಸುಮಾರು ಶೇ. 60ರಷ್ಟು ಹೆಚ್ಚು ಕೆರಳಿತು. ಅಂದರೆ ರೇಗಿದ್ದಕ್ಕೆ ನಿದ್ದೆ ಬರಲಿಲ್ಲ, ನಿದ್ದೆ ಬರದ್ದಕ್ಕೆ ಮರುದಿನ ಇನ್ನಷ್ಟು ರೇಗಿದಿರಿ. ನಿದ್ದೆಗೇಡು ವಾರಗಟ್ಟಲೆ ಮುಂದುವರಿದರೆ, ಗ್ಲಾಸಿನ ಸಹಾಯವಿಲ್ಲದೆ ಸಂಜೆ ಕಳೆಯದಂತಾದರೆ, ನಾನಿಲ್ಲದಿದ್ದರೆ ಎಲ್ಲರಿಗೂ ಒಳ್ಳೆಯದು ಎಂಬ ಯೋಚನೆ ಒಂದು ಸಲವಾದರೂ ಬಂದರೆ, ಅದು ಇಂಥ ಅಂಕಣದ ಉತ್ತರಕ್ಕೆ ಕಾಯುವ ವಿಷಯವಲ್ಲ. ಟೆಲಿ ಮಾನಸ್ 14416ಕ್ಕೆ ಅಂದೇ ಫೋನ್ ಮಾಡಿ. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಸರ್ಕಾರಿ ಸೇವೆ ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅದಕ್ಕೆ ಮಾರ್ಗದರ್ಶನ ಮಾಡುವ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ದುಡಿಯುವ ಗಂಡಸರು ಈ ನಂಬರನ್ನು ಬೇರೆಯವರಿಗೆ ಕೊಡುತ್ತಾರೆಯೇ ಹೊರತು ತಾವು ಒತ್ತುವುದಿಲ್ಲ. ದಯವಿಟ್ಟು ಒತ್ತಿ.

ಈಗ ನಿಮ್ಮ ಕೊನೆಯ ಪ್ರಶ್ನೆ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಇದು, ಏಕೆಂದರೆ ನಿಮ್ಮ ರಿಜೆಕ್ಷನ್ನಿಗೂ ನಿಮ್ಮ ಸಿಟ್ಟಿಗೂ ನಂಟಿದೆ.

ಲಾಟ್ ಹೇಗೆ ಹಾಳಾಗುತ್ತದೆ ಎಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಇನ್ಸರ್ಟ್ ಸವೆದಿರುತ್ತದೆ, ಬೋರ್ ಸೈಜು ಕೆಲವು ಮೈಕ್ರಾನ್ ಜಾರುತ್ತದೆ. ಐದನೇ ಪೀಸಿನಲ್ಲೇ ಆಪರೇಟರನ ಕಣ್ಣಿಗೆ ಅದು ಬಿದ್ದಿರಬಹುದು. ಆಗ ಅವನ ಮುಂದೆ ಎರಡು ದಾರಿ: ಮಷೀನ್ ನಿಲ್ಲಿಸಿ ನಿಮ್ಮನ್ನು ಕರೆಯುವುದು, ಇಲ್ಲವೇ ನೋಡಿಯೂ ನೋಡದಂತೆ ಮುಂದುವರಿಸುವುದು. ಕರೆದರೆ ಬೈಗುಳ ಖಂಡಿತ, ಮುಂದುವರಿಸಿದರೆ ಬೈಗುಳ ಬಂದರೂ ಬಂದೀತು, ಬರದಿದ್ದರೂ ಆದೀತು. ಯಾವುದನ್ನು ಆರಿಸಿಕೊಳ್ಳುತ್ತಾನೆ? ಹಾರ್ವರ್ಡಿನ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳ ಮೇಲೆ ಮಾಡಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರಬಹುದು ಎಂದುಕೊಂಡಿದ್ದರು. ಲೆಕ್ಕ ಉಲ್ಟಾ ಬಂತು, ಅಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಹುಡುಕುತ್ತಾ ಹೋದಾಗ ಕಂಡ ಕಾರಣವೆಂದರೆ ಅಲ್ಲಿನವರು ತಪ್ಪಾದಾಗ ಹೆದರದೆ ಹೇಳುತ್ತಿದ್ದರು. ಬೇರೆ ಕಡೆ ಮುಚ್ಚಿಡುತ್ತಿದ್ದರು. ಯಜಮಾನರು ರೇಗುವ ಶೆಡ್ಡಿನಲ್ಲಿ ಐದನೇ ಪೀಸಿಗೆ ನಿಲ್ಲಬೇಕಾದ ತಪ್ಪು ಐನೂರನೇ ಪೀಸಿನವರೆಗೆ ಹೋಗಿ, ಗಿರಾಕಿಯ ಇನ್ಸ್‌ಪೆಕ್ಷನ್ನಿನಲ್ಲಿ ಸಿಕ್ಕಿಬಿದ್ದು, ಲಾರಿಯಲ್ಲಿ ವಾಪಸ್ ಬರುತ್ತದೆ. ಅದನ್ನು ಕಂಡು ಯಜಮಾನರು ಮತ್ತೆ ರೇಗುತ್ತಾರೆ.

ಹಾಗಾಗಿ ತಪ್ಪಾಯಿತು ಎನ್ನುವುದರಿಂದ ಸದರವಾಗುವುದಿಲ್ಲ. ಸದರವಾಗುವುದು ಹೇಳಿದ್ದನ್ನು ನಡೆಸದವರು, ಇವತ್ತು ಬೈದು ನಾಳೆ ಬಿರಿಯಾನಿ ತರಿಸಿ ಸರಿತೂಗಿಸುವವರು. ಕ್ಷಮೆಯನ್ನು ಕ್ಯಾಬಿನ್ನಿಗೆ ಕರೆಸಿ ಗುಟ್ಟಾಗಿ ಕೇಳಬೇಡಿ. ಯಾರ ಮುಂದೆ ಕೂಗಿದಿರೋ ಅವರ ಮುಂದೆಯೇ, ಅದೇ ಮಷೀನಿನ ಹತ್ತಿರ, ಚಿಕ್ಕದಾಗಿ ಹೇಳಿ: "ನಿನ್ನೆ ನಾನು ಕೂಗಿದ್ದು ತಪ್ಪಪ್ಪ. ಸೈಜು ಹೋಗಿದ್ದು ನಿಜ, ಅದನ್ನ ಸರಿಮಾಡೋಣ." ಕೆಲಸದ ತಪ್ಪನ್ನು ಇಲ್ಲವೆನ್ನಬೇಡಿ, ನಿಮ್ಮ ತಪ್ಪಿಗೆ ಅದನ್ನು ಸಬೂಬೂ ಮಾಡಬೇಡಿ. ಆಮೇಲೆ ಒಂದು ಪ್ರಶ್ನೆಯನ್ನು ಬದಲಾಯಿಸಿ. "ಯಾರು ಮಾಡಿದ್ದು?" ಎಂಬುದರ ಜಾಗದಲ್ಲಿ "ಯಾವ ಆಪರೇಷನ್ನಿನಲ್ಲಿ ಹೋಯಿತು, ಎಷ್ಟನೇ ಪೀಸಿನಿಂದ?" ಎಂದು ಕೇಳಿ. ಇನ್ಸರ್ಟನ್ನು ಎಷ್ಟು ಪೀಸಿಗೊಮ್ಮೆ ಬದಲಾಯಿಸಬೇಕು, ಬೋರ್ ಗೇಜನ್ನು ಎಷ್ಟು ಪೀಸಿಗೊಮ್ಮೆ ಹಾಕಬೇಕು ಎಂಬುದನ್ನು ಅವನನ್ನೇ ಕೇಳಿ ತೀರ್ಮಾನಿಸಿ, ಮಷೀನಿನ ಮೇಲೆ ಬರೆದು ಅಂಟಿಸಿ. ಮೊದಲ ಸಲ ಒಬ್ಬ ಹುಡುಗ ತಾನಾಗಿಯೇ ಮಷೀನ್ ನಿಲ್ಲಿಸಿ ನಿಮ್ಮನ್ನು ಕರೆಯುವ ದಿನ ಬಹಳ ಎಚ್ಚರವಾಗಿರಿ. ಆ ದಿನ ನೀವು ಏನು ಹೇಳುತ್ತೀರಿ ಎಂಬುದನ್ನು ಉಳಿದವರೆಲ್ಲ ತಮ್ಮ ತಮ್ಮ ಮಷೀನಿನಿಂದಲೇ ಕೇಳಿಸಿಕೊಳ್ಳುತ್ತಿರುತ್ತಾರೆ.