ಆಂಪ್ ಕೊಳ್ಳುವ ಮುನ್ನ: ಒಳ್ಳೆಯ ನಾದಕ್ಕೆ ಎಂಟು ಸೂತ್ರ

ಹುಮನಾಬಾದ್, ಬಸವಕಲ್ಯಾಣದ ಕಡೆ ಗಿಟಾರ್ ಕಲಿಯುವ ಹುಡುಗ ಹುಡುಗಿಯರು ಚರ್ಚಿನ ಹಾಡಿನ ತಂಡಕ್ಕೆ, ಕಾಲೇಜಿನ ಗ್ಯಾದರಿಂಗಿಗೆ, ಮದುವೆ ಆರ್ಕೆಸ್ಟ್ರಾಕ್ಕೆ ಎಂದು ಒಂದಲ್ಲ ಒಂದು ದಿನ ಆಂಪ್ಲಿಫೈಯರ್ ಕೊಳ್ಳಲು ಹೊರಡುತ್ತಾರೆ. ನಾಲ್ಕೇ ಗುಂಡಿಯ ಸಾದಾ ಆಂಪ್ ಒಳ್ಳೆಯದೋ, ನೂರು ಎಫೆಕ್ಟ್ ತುಂಬಿದ್ದೋ? ಕಲಿಯುವವರಿಗೆ ಸಾದಾದ್ದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ವಿನಾಯಿತಿಯೂ ಇದೆ, ಅದನ್ನು ಏಳನೆಯ ಸೂತ್ರದಲ್ಲಿ ಹೇಳಿದ್ದೇನೆ.

1. ಮೊದಲು ಮಾಣಿಕನಗರಕ್ಕೆ ಹೋಗಿ ಕೇಳಿ. ಹುಮನಾಬಾದಿನ ಮಗ್ಗುಲಲ್ಲೇ ಇರುವ ಮಾಣಿಕಪ್ರಭು ಸಂಸ್ಥಾನದಲ್ಲಿ ದತ್ತ ಜಯಂತಿಯ ಹೊತ್ತಿಗೆ ಸಂಗೀತ ದರ್ಬಾರು ನಡೆಯುತ್ತದೆ. ಪ್ರಭುಗಳು (1817–1865) ಸ್ವತಃ ಪದ ಕಟ್ಟಿದವರು. ಗವಾಯಿಗಳು ಹಾಡಲು ಕುಳಿತಾಗ ಅವರ ಹಿಂದಿರುವ ತಂಬೂರಿಯ ಮೇಲೆ ಕಣ್ಣಿಡಿ. ನಾಲ್ಕು ತಂತಿ, ಮೆಟ್ಟುಗಳಿಲ್ಲ, ಬಾರಿಸಲು ರಾಗವಿಲ್ಲ. ಶ್ರುತಿ ಸೇರಿಸುವವರು ಕುದುರೆಯ ಮೇಲೆ ತಂತಿಯ ಅಡಿಗಿರುವ ದಾರವನ್ನು ಕೂದಲೆಳೆಯಷ್ಟು ಸರಿಸುತ್ತಾರೆ. ಅಷ್ಟಕ್ಕೇ ಮಂಕಾಗಿದ್ದ ತಂತಿ ಝೇಂಕರಿಸತೊಡಗುತ್ತದೆ. ಆ ಬದಲಾವಣೆಯನ್ನು ಹಿಡಿಯಬಲ್ಲ ಕಿವಿಗೆ ಯಾವ ಆಂಪ್‌ನಲ್ಲೂ ನಾದ ಸಿಗುತ್ತದೆ. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲೇ ತನ್ನ ‘ಮಾನಸೋಲ್ಲಾಸ’ದಲ್ಲಿ ಗೀತಕ್ಕೂ ವಾದ್ಯಕ್ಕೂ ಅಧ್ಯಾಯಗಳನ್ನು ಮೀಸಲಿಟ್ಟ. ಈ ಸೀಮೆಯವರು ನಾದದ ಬಗ್ಗೆ ತಲೆಕೆಡಿಸಿಕೊಳ್ಳುವುದು ಇಂದು ನಿನ್ನೆಯ ಮಾತಲ್ಲ.

2. ಆಂಪ್ ಬದಲಿಸುವ ಮೊದಲು ತಂತಿ ಬದಲಿಸಿ. ಬೆವರು ತಿಂದು ಕಪ್ಪಾದ ತಂತಿಗೆ ಯಾವ ಟ್ರೆಬಲ್ ಗುಂಡಿಯೂ ಜೀವ ತುಂಬಲಾರದು. ಪಿಕ್ಕನ್ನು ಬ್ರಿಡ್ಜಿನ ಹತ್ತಿರ ಆಡಿಸಿದರೆ ನಾದ ಚುರುಕು, ಕುತ್ತಿಗೆಯ ಕಡೆ ಆಡಿಸಿದರೆ ದುಂಡು.

3. ವ್ಯಾಟ್ ನೋಡಿ ಮರುಳಾಗಬೇಡಿ. 10 ವ್ಯಾಟ್‌ನಿಂದ 20ಕ್ಕೆ ಹೋದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. 1950ರ ದಶಕದ ಕೊನೆಯ ಫೆಂಡರ್ ಚಾಂಪ್‌ಗೆ ಇದ್ದದ್ದು 5 ವ್ಯಾಟ್, 8 ಇಂಚಿನ ಸ್ಪೀಕರ್, ವಾಲ್ಯೂಮಿನ ಒಂದೇ ಗುಂಡಿ. ಎರಿಕ್ ಕ್ಲ್ಯಾಪ್ಟನ್ 1970ರ ‘ಲೈಲಾ’ ಆಲ್ಬಮ್ಮಿಗೆ ನುಡಿಸಿದ್ದು ಚಾಂಪ್‌ನಂಥ ಪುಟ್ಟ ಆಂಪ್‌ನಲ್ಲೇ. ಮನೆ ರಿಯಾಜಿಗೆ 10–15 ವ್ಯಾಟ್ ಧಾರಾಳವಾಯಿತು.

4. ಎಲ್ಲ ಗುಂಡಿಗಳನ್ನೂ ನಡುವಿಗೆ ತನ್ನಿ, ಆಮೇಲೆ ಒಂದೊಂದನ್ನೇ ತಿರುಗಿಸಿ. ಹೊಸಬರು ಕೋಣೆಯಲ್ಲಿ ಕುಳಿತು ಬಾಸ್, ಟ್ರೆಬಲ್ ಏರಿಸಿ ಮಿಡ್ ಇಳಿಸುತ್ತಾರೆ. ಅಲ್ಲಿ ಚೆನ್ನಾಗಿಯೇ ಕೇಳುತ್ತದೆ. ಮೆಲುದನಿಯಲ್ಲಿ ನಮ್ಮ ಕಿವಿಗೆ ಬಾಸ್ ಕಡಿಮೆ ಕೇಳುತ್ತದೆ ಎಂದು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಅಳೆದು ತೋರಿಸಿದ್ದರು. ಅದೇ ಸೆಟ್ಟಿಂಗನ್ನು ವೇದಿಕೆಗೆ ಒಯ್ದು ದನಿ ಏರಿಸಿದರೆ ಬಾಸ್ ಗುಮ್ಮೆನ್ನುತ್ತದೆ, ಡೋಲಕ್ ಕೀಬೋರ್ಡುಗಳ ನಡುವೆ ಗಿಟಾರ್ ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಗಿಟಾರಿನ ಮಾತು ಇರುವುದು ಮಿಡ್‌ನಲ್ಲಿ. ತಂಡದ ಜೊತೆ ನುಡಿಸುವಾಗ ಬಾಸ್ ತಗ್ಗಿಸಿ, ಮಿಡ್ ಏರಿಸಿ. ಒಂಟಿಯಾಗಿ ಕೇಳಿದಾಗ ತುಸು ಒರಟೆನಿಸಿದರೂ ಹಾಗೇ ಬಿಡಿ.

5. ಆಂಪನ್ನು ಕುರ್ಚಿಯ ಮೇಲಿಡಿ. ಸ್ಪೀಕರಿನ ಚುರುಕು ದನಿ ನೇರವಾಗಿ ಮುಂದಕ್ಕೇ ಹೋಗುತ್ತದೆ. ಆಂಪ್ ಕಾಲಬುಡದಲ್ಲಿದ್ದರೆ ನಿಂತು ನುಡಿಸುವವರಿಗೆ ಅದು ಮಂಕಾಗಿ ಕೇಳುತ್ತದೆ, ಅವರು ಟ್ರೆಬಲ್ ಏರಿಸುತ್ತಲೇ ಹೋಗುತ್ತಾರೆ, ಎದುರು ಕುಳಿತವರ ಕಿವಿ ನೋಯುತ್ತದೆ.

6. ಪೆಂಡಾಲಿನ ಮೈಕ್‌ಸೆಟ್ಟಿಗೆ ಗಿಟಾರನ್ನು ನೇರವಾಗಿ ಸಿಕ್ಕಿಸಬೇಡಿ. ನಮ್ಮ ಕಡೆ ಗಿಟಾರ್ ಕೆಟ್ಟದಾಗಿ ಕೇಳಲು ಇದಕ್ಕಿಂತ ದೊಡ್ಡ ಕಾರಣ ನಾನು ಕಂಡಿಲ್ಲ. ಗಿಟಾರಿನ ಪಿಕಪ್‌ಗೆ ಸುಮಾರು 1 ಮೆಗಾಓಮ್‌ನ ಇನ್‌ಪುಟ್ ಬೇಕು. ಮೈಕಿನ ಇನ್‌ಪುಟ್ ಕೆಲವೇ ಕಿಲೋಓಮ್‌ನದು, ಅಲ್ಲೇ ಟ್ರೆಬಲ್ ಸೋರಿಹೋಗುತ್ತದೆ. ಡಿಸ್ಟಾರ್ಷನ್ ಪೆಡಲ್ ಹಾಕಿದರೆ ಸಂಕಟ ಇನ್ನೂ ಹೆಚ್ಚು. ಗಿಟಾರ್ ಆಂಪ್‌ನ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್‌ನಿಂದಾಚೆಯ ಕರ್ಕಶವನ್ನು ತಾನೇ ಸೋಸಿಬಿಡುತ್ತದೆ. ಮೈಕ್‌ಸೆಟ್ಟಿನ ಹಾರ್ನ್ ಅದನ್ನೇ ಎತ್ತಿ ಊರಿಗೆಲ್ಲ ಕೇಳಿಸುತ್ತದೆ. ಹಾಗಾಗಿ ನಿಮ್ಮ ಸಣ್ಣ ಆಂಪ್‌ನ ಮುಂದೆ, ಸ್ಪೀಕರಿನ ಬಟ್ಟೆಯಿಂದ ನಾಲ್ಕು ಬೆರಳು ದೂರಕ್ಕೆ ಒಂದು ಮೈಕ್ ಇಡಿಸಿ. ಸ್ಪೀಕರಿನ ನಡುಮಧ್ಯಕ್ಕೆ ಹಿಡಿದರೆ ದನಿ ಚೂಪು, ಅಂಚಿಗೆ ಸರಿಸಿದರೆ ಮೆತ್ತಗೆ. ಮೈಕ್‌ಸೆಟ್ಟಿನ ಅಣ್ಣನಿಗೆ ಇದನ್ನು ಕಾರ್ಯಕ್ರಮ ಶುರುವಾಗುವ ಮೊದಲೇ ವಿನಯದಿಂದ ಹೇಳಿ, ಸಹಾಯ ಮಾಡುತ್ತಾರೆ.

7. ಎಫೆಕ್ಟ್ ತುಂಬಿದ ಆಂಪ್ ಬೇಕಾದದ್ದು ಆರ್ಕೆಸ್ಟ್ರಾದವರಿಗೆ. ಒಂದೇ ಸಂಜೆ ಇಳಯರಾಜಾ ಅವರ ‘ಗೀತಾ’ (1981), ಹಂಸಲೇಖರ ‘ಪ್ರೇಮಲೋಕ’ (1987) ಎರಡರ ಹಾಡುಗಳನ್ನೂ ನುಡಿಸಬೇಕಾದವರು ಕಾಲಲ್ಲೇ ನಾದ ಬದಲಿಸುವಂತಿರಬೇಕು. ಸ್ಪೀಕರಿನ ಸೋಸುವಿಕೆಯನ್ನು ಒಳಗೇ ಮಾಡಿ ಮೈಕ್‌ಸೆಟ್ಟಿಗೆ ನೇರ ಲೈನ್ ಕೊಡುವ ಆಂಪ್‌ಗಳೂ ಇವೆ, ಅವು ಪೆಂಡಾಲಿನಲ್ಲಿ ದುಡ್ಡಿಗೆ ಮೋಸ ಮಾಡುವುದಿಲ್ಲ. ಆದರೆ ಮೂರೇ ನಾದ ಉಳಿಸಿಟ್ಟುಕೊಳ್ಳಿ: ಶುದ್ಧವಾದದ್ದು, ಅಂಚು ತುಸು ಒಡೆದದ್ದು, ಸೋಲೋಗೆ ಒಂದು ಕೈ ಜೋರಾದದ್ದು. ರಿವರ್ಬ್ ಕಡಿಮೆ ಮಾಡಿ. ದೂರದ ಹಾರ್ನ್‌ಗಳಿಂದ ಬರುವ ಮಾರ್ದನಿಯೇ ಅಲ್ಲಿ ಸಾಕಷ್ಟಿರುತ್ತದೆ.

8. ಅರ್ಥಿಂಗ್ ಪರೀಕ್ಷಿಸದೆ ನುಡಿಸಬೇಡಿ. ಗುಂಯ್ ಎನ್ನುವ 50 ಹರ್ಟ್ಸ್ ಸದ್ದಿಗೆ ಆಂಪನ್ನು ಬೈಯುವ ಮೊದಲು ಮೂರನೆಯ ಪಿನ್ ನೋಡಿ, ಸೀರಿಯಲ್ ಲೈಟಿನ ವೈರುಗಳಿಂದ ದೂರ ಸರಿಯಿರಿ. ಗಿಟಾರ್ ಹಿಡಿದು ಮೈಕಿಗೆ ತುಟಿ ತಾಗಿಸಿದಾಗ ಜುಮ್ ಎಂದರೆ ಆ ಕ್ಷಣವೇ ನಿಲ್ಲಿಸಿ ಎಲೆಕ್ಟ್ರಿಷಿಯನ್ನನ್ನು ಕರೆಸಿ. ಹಳೆಯ ವಾಲ್ವ್ ಆಂಪ್ ಸಿಕ್ಕಿದ್ದರೆ ಅದರ ಬೆನ್ನಿನ ಹಲಗೆಯನ್ನು ನೀವೇ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ 300 ವೋಲ್ಟಿಗಿಂತ ಹೆಚ್ಚು ಉಳಿದಿರಬಹುದು.