ನೆಂದರೆ ನೆನೆಯಿರಿ

ಅಶ್ವಿನಿ, ಭರಣಿ ಮಳೆಗಳ ಕಾಲ ಬಂತೆಂದರೆ ನಿಮ್ಮ ಫೋನಿಗೆ ಹವಾಮಾನ ಇಲಾಖೆಯ ಎಚ್ಚರಿಕೆ ಮೇಲಿಂದ ಮೇಲೆ ಬರುತ್ತದೆ. ಮುಂದಿನ ಮೂರು ಗಂಟೆಗಳಲ್ಲಿ ಗುಡುಗು ಮಿಂಚು, ಗಂಟೆಗೆ 40ರಿಂದ 50 ಕಿ.ಮೀ. ವೇಗದ ಗಾಳಿ. ನೀವು ಹೆಬ್ಬೆರಳಲ್ಲಿ ಅದನ್ನು ಪಕ್ಕಕ್ಕೆ ತಳ್ಳಿ ರೀಲ್ಸ್ ನೋಡುತ್ತೀರಿ. ಬಯ್ಯುವುದಿಲ್ಲ, ಎಷ್ಟೋ ಸಲ ಎಚ್ಚರಿಕೆ ಬಂದ ದಿನ ನಮ್ಮೂರಿಗೆ ಒಂದು ಹನಿಯೂ ಬಿದ್ದಿರುವುದಿಲ್ಲ. ಆದರೂ ಲೈನ್‌ಮ್ಯಾನ್ ಕೆಲಸದಲ್ಲೇ ತಲೆ ನೆರೆಸಿಕೊಂಡವನ ಮಾತು ಕೇಳ್ರಪ್ಪಾ. ನಮ್ಮ ಜನ ಹೆದರುವುದು ಮಳೆಗೆ; ಜೀವ ತೆಗೆಯುವುದು ಗಾಳಿ ಮತ್ತು ಸಿಡಿಲು. ನೆನೆಯಬಾರದೆಂದು ಓಡಿಹೋಗಿ ನಿಲ್ಲುವ ಜಾಗವೇ ಅಪಾಯದ್ದಾಗಿರುತ್ತದೆ.

ಬೇಸಿಗೆಯ ಮೋಡದಿಂದ ಇಳಿಯುವ ಹನಿಗಳಲ್ಲಿ ಒಂದಿಷ್ಟು ದಾರಿಯಲ್ಲೇ ಆವಿಯಾಗಿ ಸುತ್ತಲ ಗಾಳಿಯನ್ನು ತಣ್ಣಗಾಗಿಸುತ್ತವೆ. ತಣ್ಣಗಾದ ಗಾಳಿ ಭಾರವಾಗಿ ಕೆಳಗೆ ಕುಸಿದು, ನೆಲಕ್ಕೆ ಬಡಿದು ನಾಲ್ಕೂ ದಿಕ್ಕಿಗೆ ನುಗ್ಗುತ್ತದೆ. ಮಳೆಗಿಂತ ಮೊದಲೇ ಗಾಳಿ ಬರುವುದು ಅದಕ್ಕೇ. ಉರಿಸೆಕೆಯ ನಡುವೆ ಇದ್ದಕ್ಕಿದ್ದಂತೆ ತಂಪು ಗಾಳಿ ಮುಖಕ್ಕೆ ಹೊಡೆದರೆ ‘ಆಹಾ’ ಎಂದು ಅಂಗಳಕ್ಕೆ ಬಂದು ನಿಲ್ಲಬೇಡಿ, ಒಳಗೆ ನಡೆಯಿರಿ. ವೇಗ ಎರಡು ಪಟ್ಟಾದರೆ ಗಾಳಿಯ ನೂಕು ನಾಲ್ಕು ಪಟ್ಟಾಗುತ್ತದೆ ಎಂಬುದೂ ನೆನಪಿರಲಿ. 40ರ ಗಾಳಿಗೆ ಬರೀ ಪಟಪಟ ಎಂದ ಶೀಟು 80ರ ಗಾಳಿಗೆ ಬೋಲ್ಟು ಸಮೇತ ಕಿತ್ತು ಹೋಗುತ್ತದೆ. ಶೀಟು ಹಾರದಿರಲೆಂದು ಅದರ ಮೇಲೆ ಕಲ್ಲು ಹೇರುತ್ತೀರಲ್ಲ, ಆ ಕಲ್ಲೂ ಹಾರುತ್ತದೆ, ಪಕ್ಕದ ಮನೆಯವರ ತಲೆಗೆ.

2024ರ ಮೇ 13ರಂದು ಮುಂಬೈನ ಘಾಟ್ಕೋಪರ್‌ನಲ್ಲಿ ಬಿರುಗಾಳಿಗೆ ಪೆಟ್ರೋಲ್ ಬಂಕಿನ ಮೇಲೆ ಭಾರೀ ಜಾಹೀರಾತು ಫಲಕ ಉರುಳಿ 17 ಜನ ಹೋದರು. ಬೈಕಿನಲ್ಲಿರುವಾಗ ಗಾಳಿ ಎದ್ದರೆ ಹೋರ್ಡಿಂಗು, ಗುಲ್‌ಮೊಹರ್, ಟಿಸಿ (ಟ್ರಾನ್ಸ್‌ಫಾರ್ಮರ್) ಕಂಬ ಇವುಗಳ ಕೆಳಗೆ ನಿಲ್ಲಿಸಬೇಡಿ. ಬೆಂಗಳೂರಿನ ರಸ್ತೆಬದಿಯ ಮರಗಳನ್ನಂತೂ ನಂಬಲೇಬೇಡಿ. ಚರಂಡಿಗೆ, ಕೇಬಲಿಗೆ ಅಂತ ಅಗೆದು ಬೇರು ಕತ್ತರಿಸಿ, ಬುಡಕ್ಕೆ ಕಾಂಕ್ರೀಟ್ ಹಾಕಿದ ಮರ ಯಾವುದರ ಆಧಾರದ ಮೇಲೆ ನಿಲ್ಲಬೇಕು? ಗಟ್ಟಿ ಕಟ್ಟಡವೊಂದು ಸಿಗುವವರೆಗೆ ನಿಧಾನವಾಗಿ ಹೋಗಿ. ನೆಂದರೆ ನೆನೆಯಿರಿ, ಬಟ್ಟೆ ಒಣಗುತ್ತದೆ.

ಹೊಲದಲ್ಲಿದ್ದರೆ ಒಂಟಿ ಮರದ ಹತ್ತಿರ ಸುಳಿಯಬೇಡಿ. ಮರಕ್ಕೆ ಹೊಡೆದ ಸಿಡಿಲು ನೆಲದಲ್ಲೂ ಹರಡುತ್ತದೆ; ಮರದಡಿ ಸೇರಿದ ಕುರಿಗಳು ಒಟ್ಟಿಗೆ ಸಾಯುವುದು ಹೀಗೆಯೇ. ಪಂಪ್‌ಸೆಟ್ಟಿನ ಸ್ಟಾರ್ಟರ್ ಮುಟ್ಟಲು ಹೋಗಬೇಡಿ. ಪುಣೆಯ ಹವಾಮಾನ ವಿಜ್ಞಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಸಿಡಿಲು ಎಲ್ಲಿ ಹೊಡೆಯುತ್ತಿದೆ ಎಂದು ತೋರಿಸುತ್ತದೆ, ಇರಲಿ. ಅದಿಲ್ಲದಿದ್ದರೂ ಗುಡುಗು ಕೇಳಿಸಿತೆಂದರೆ ಸಿಡಿಲು ನಿಮಗೂ ಹೊಡೆಯುವಷ್ಟು ಹತ್ತಿರದಲ್ಲಿದೆ ಎಂದೇ ಲೆಕ್ಕ. ಕೊನೆಯ ಗುಡುಗಾಗಿ ಅರ್ಧ ಗಂಟೆ ಕಳೆಯುವವರೆಗೆ ಹೊರಗೆ ಬರಬೇಡಿ.

ಗಾಳಿ ನಿಂತ ಮೇಲಿನದು ನನ್ನ ಕಸುಬಿನ ವಿಷಯ. ತುಂಡಾಗಿ ಬಿದ್ದ ತಂತಿ ಕಿಡಿ ಹಾರಿಸುತ್ತಿಲ್ಲ ಎಂದ ಮಾತ್ರಕ್ಕೆ ಅದರಲ್ಲಿ ಕರೆಂಟಿಲ್ಲ ಎಂದಲ್ಲ. ಒಣನೆಲದ ಮೇಲೆ ಬಿದ್ದಾಗ ಸಬ್‌ಸ್ಟೇಷನ್ನಿನ ಬ್ರೇಕರ್ ಟ್ರಿಪ್ ಆಗದೆಯೂ ಉಳಿಯಬಹುದು. ತಂತಿಬೇಲಿಯ ಮೇಲೆ ಬಿದ್ದರೆ ಬೇಲಿ ಹೋದಷ್ಟು ದೂರಕ್ಕೂ ಕರೆಂಟು ಹೋಗುತ್ತದೆ. ತಿಳಿಯದೆ ಬಿದ್ದ ತಂತಿಯ ಸಮೀಪ ಹೋಗಿಬಿಟ್ಟಿದ್ದರೆ ದಾಪುಗಾಲು ಹಾಕಬೇಡಿ. ಎರಡೂ ಪಾದ ಜೋಡಿಸಿ, ನೆಲದಿಂದ ಎತ್ತದೆ, ಸವರಿಕೊಂಡು ಹಿಂದೆ ಸರಿಯಿರಿ. ಯಾರೂ ಹತ್ತಿರ ಬಾರದಂತೆ ದೂರದಲ್ಲಿ ನಿಂತು ತಡೆಯಿರಿ, 1912ಕ್ಕೆ ಫೋನು ಮಾಡಿ. ಕೋಲಿನಿಂದ ತಂತಿ ಸರಿಸುವ ಶೌರ್ಯ ಬೇಡ, ಹಸಿ ಕೋಲಿನಲ್ಲೂ ಕರೆಂಟು ಹರಿಯುತ್ತದೆ.

ಇನ್ನು ರಾತ್ರಿಯೆಲ್ಲ ಕರೆಂಟಿಲ್ಲವೆಂದು ಜನರೇಟರ್ ತಂದು ಮನೆಯ ಪ್ಲಗ್ಗಿಗೆ ಸಿಕ್ಕಿಸುವವರಿದ್ದಾರೆ. ಆ ಕರೆಂಟು ಮೀಟರ್ ದಾಟಿ ಲೈನಿಗೆ ಹೋಗಿ, ಟಿಸಿಯಲ್ಲಿ ತಿರುಗಾಮುರುಗಾಗಿ 11,000 ವೋಲ್ಟ್‌ವರೆಗೂ ಏರಿ, ಲೈನ್ ಆಫ್ ಆಗಿದೆ ಎಂದು ಕಂಬ ಹತ್ತಿದ ಹುಡುಗನಿಗೆ ಹೊಡೆಯಬಹುದು. ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಅದಿಲ್ಲದ ಮನೆಯಲ್ಲಿ ಜನರೇಟರನ್ನು ವೈರಿಂಗಿಗೆ ಕೊಡಲೇಬೇಡಿ, ಬೇಕಾದ ಬಲ್ಬನ್ನು ನೇರವಾಗಿ ಅದಕ್ಕೇ ಸಿಕ್ಕಿಸಿಕೊಳ್ಳಿ.