ಕೊನೆಯ ಸಾಲಿಗೂ ಮಾತು ಮುಟ್ಟಲಿ

ತಮ್ಮಂದಿರೇ, ಬೀದರ್, ಭಾಲ್ಕಿ, ಔರಾದ್ ಎಲ್ಲಿ ನೋಡಿದರೂ ಮೈಕ್‌ಸೆಟ್ ಇಟ್ಟ ಹುಡುಗರ ಬಾಯಲ್ಲಿ ಈಗ ಲೈನ್ ಅರೇ ಮಾತು. ಅದೂ ಸ್ಪೀಕರ್ ಡಬ್ಬದೊಳಗೇ ಆಂಪ್ಲಿಫೈಯರ್ ಇರುವ ಪವರ್ಡ್ ಲೈನ್ ಅರೇ. ತಗೊಳ್ಳಬೇಡಿ ಅನ್ನುವುದಿಲ್ಲ. ಸಾಲಕ್ಕೆ ಸಹಿ ಹಾಕುವ ಮೊದಲು ನಾಲ್ಕು ಮಾತು ಕೇಳಿ.

ಮೊದಲನೆಯದು, ಅದು ಸದ್ದು ದೂರ ಮುಟ್ಟಿಸುವ ಉಪಾಯ, ಬರೀ ಜೋರು ಮಾಡುವುದಕ್ಕಲ್ಲ. ಒಂಟಿ ಸ್ಪೀಕರಿನ ಸದ್ದು ದೂರ ಎರಡರಷ್ಟಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ. ಲೈನ್ ಅರೇಯಲ್ಲಿ, ಅಂದರೆ ಒಂದರ ಕೆಳಗೊಂದು ತೂಗುಹಾಕಿದ ಡಬ್ಬಗಳ ಸಾಲಿನಲ್ಲಿ, ಒಂದಷ್ಟು ದೂರದವರೆಗೆ ಇಳಿತ 3 ಡೆಸಿಬೆಲ್ ಮಾತ್ರ. ಮುಂದಿನವರ ಕಿವಿ ಗುಂಯ್‌ಗುಡದೆ ಹಿಂದಿನವರಿಗೂ ಕೇಳುವುದು ಇದರಿಂದಲೇ.

ಆದರೆ ಸಾಲಿಗೆ ಉದ್ದ ಬೇಕು. 100 ಹರ್ಟ್ಸ್ ಸದ್ದಿನ ಒಂದು ಅಲೆಯೇ ಸುಮಾರು ಮೂರೂವರೆ ಮೀಟರ್. ನಾಲ್ಕು ಸಣ್ಣ ಡಬ್ಬ ತೂಗಿದರೆ ಸಾಲು ಮೀಟರ್ ಚಿಲ್ಲರೆ ಆದೀತು. ತೆಳು ಸ್ವರ ಗುರಿಗೆ ಹೋಗುತ್ತದೆ, ದಪ್ಪ ಸ್ವರ ಎಲ್ಲ ದಿಕ್ಕಿಗೂ ಹರಡುತ್ತದೆ. ಬೀದರ್‌ನ ರಂಗಮಂದಿರದಂಥ ಒಳಾಂಗಣಕ್ಕೆ ಆ ದುಡ್ಡಿಗೆ ಒಳ್ಳೆಯ ಜೋಡಿ ಸ್ಪೀಕರ್ ಸಾಕಾದೀತು. ಕೋಟೆಯೊಳಗೆ ಬೀದರ್ ಉತ್ಸವ ನಡೆಯುವಂಥ ಬಯಲಿಗೆ ಉದ್ದನೆಯ ಸಾಲೇ ಬೇಕು. ಜನ ಇನ್ನೂ ದೂರ ಕೂತರೆ ನಡುವೆ ಇನ್ನೊಂದು ಜೋಡಿ ಇಟ್ಟು, ಮುಖ್ಯ ಸಾಲಿನಿಂದ ಇರುವ ದೂರದ ಪ್ರತಿ ಮೀಟರಿಗೆ ಸುಮಾರು 3 ಮಿಲಿಸೆಕೆಂಡಿನಂತೆ ಅದರ ಸದ್ದು ತಡಮಾಡಿ. ಇಲ್ಲವಾದರೆ ಒಂದೇ ಮಾತು ಎರಡು ಸಲ ಕೇಳುತ್ತದೆ. ಬೇರೆ ಬೇರೆ ಕಂಪನಿಯ ಡಬ್ಬಗಳನ್ನು ಒಂದೇ ಸಾಲಿನಲ್ಲಿ ಸೇರಿಸಬೇಡಿ. ಕಡಿಮೆ ಬಿದ್ದರೆ ಅದೇ ಮಾದರಿಯವನ್ನು ಬಾಡಿಗೆಗೆ ತನ್ನಿ.

ಎರಡನೆಯದು ಕರೆಂಟ್. ಪವರ್ಡ್ ಡಬ್ಬದಲ್ಲಿ ಆಂಪು, ಸ್ಪೀಕರ್, ಲಿಮಿಟರ್ ಎಲ್ಲ ಕಾರ್ಖಾನೆಯಲ್ಲೇ ಒಂದಕ್ಕೊಂದು ಹೊಂದಿ ಬರುತ್ತವೆ. ದಪ್ಪ ಸ್ಪೀಕರ್ ವೈರು, ಆಂಪಿನ ರ್‍ಯಾಕು ಹೊರುವುದು ತಪ್ಪುತ್ತದೆ. ಆದರೆ ಪ್ರತಿ ಡಬ್ಬಕ್ಕೂ ಮೇಲೆ ಕರೆಂಟೂ ಸಿಗ್ನಲ್ಲೂ ಹೋಗಬೇಕು, ತೂಕವೂ ಹೆಚ್ಚು. ಒಂದು ಆಂಪು ಕೆಟ್ಟರೆ ಇಡೀ ಸಾಲು ಕೆಳಗಿಳಿಸಬೇಕು. ಔರಾದಿನ ಅಮರೇಶ್ವರ ಜಾತ್ರೆಯಂಥ ಬಯಲಿನಲ್ಲಿ ಮೂರು ಫೇಸಿನ ಜನರೇಟರಿನ ನ್ಯೂಟ್ರಲ್ ಕಿತ್ತರೆ 230 ವೋಲ್ಟ್ ಇರಬೇಕಾದಲ್ಲಿ 400ರ ಹತ್ತಿರ ಏರಬಹುದು, ಆಗ ಮೇಲೆ ತೂಗಿದ ಆಂಪುಗಳು ಒಟ್ಟಿಗೆ ಸುಟ್ಟುಹೋಗಬಹುದು. ಮೀಟರ್ ಹಿಡಿದು ವೋಲ್ಟೇಜ್, ಅರ್ಥಿಂಗ್ ನೋಡದೆ ಸ್ವಿಚ್ ಹಾಕಬೇಡಿ. ಟ್ರಸ್ಸಿನ ತೂಕದ ಮಿತಿ ಓದದೆ, ಸೇಫ್ಟಿ ಚೈನ್ ಇಲ್ಲದೆ ಡಬ್ಬ ಮೇಲೇರಿಸಬೇಡಿ. ಕೆಳಗೆ ಮಕ್ಕಳು ಕೂತಿರುತ್ತಾರೆ.

ಮೂರನೆಯದು ಮಾತಿನ ಸ್ಪಷ್ಟತೆ. ಭಾಲ್ಕಿ ಹಿರೇಮಠದ ಸಭೆಯಲ್ಲಿ ವಚನ ಹಾಡುವಾಗ ಜನ ಬಂದಿರುವುದು ಬೇಸ್ ಕೇಳಲು ಅಲ್ಲ. ನಮ್ಮ ಕಡೆ ಕನ್ನಡ, ಮರಾಠಿ, ಉರ್ದು, ತೆಲುಗು ಮನೆಮಾತಿನವರು ಒಟ್ಟಿಗೆ ಕೂತಿರುತ್ತಾರೆ. ವ್ಯಂಜನ ಮುಕ್ಕಾದರೆ ಕನ್ನಡ ಮನೆಮಾತಿನವನು ಊಹಿಸಿಕೊಂಡಾನು, ಉಳಿದವರಿಗೆ ಅಲ್ಲಿಗೇ ಎಳೆ ತಪ್ಪುತ್ತದೆ. ಆ ಸ್ಪಷ್ಟತೆ ಹೆಚ್ಚಾಗಿ ಇರುವುದು 2ರಿಂದ 4 ಕಿಲೋಹರ್ಟ್ಸ್ ನಡುವೆ. ಬೇಸ್ ಏರಿಸಿ ಅದನ್ನು ಮುಚ್ಚಬೇಡಿ.

ಕೊನೆಯದು ಹೊತ್ತು. ಹಗಲು ಕಾದ ನೆಲ ಸದ್ದನ್ನು ಮೇಲಕ್ಕೆ ಬಾಗಿಸುತ್ತದೆ. ರಾತ್ರಿ ನೆಲ ತಣ್ಣಗಾದ ಮೇಲೆ ಅದೇ ಸದ್ದು ಕೆಳಗೆ ಬಾಗಿ ಪಕ್ಕದ ಊರಿನ ಹೊಲದವರೆಗೂ ಹೋಗುತ್ತದೆ. ಸಂಜೆ ಇಟ್ಟ ವಾಲ್ಯೂಮ್ ರಾತ್ರಿಗೆ ಹೆಚ್ಚಾಗುತ್ತದೆ, ಇಳಿಸಿ. 2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವರ್ಷಕ್ಕೆ 15 ದಿನ ಮೀರದಂತೆ ಹಬ್ಬ-ಉತ್ಸವಗಳಿಗೆ ಸರ್ಕಾರ ಮಧ್ಯರಾತ್ರಿವರೆಗೆ ಸಡಿಲಿಕೆ ಕೊಡಬಹುದು. ಅದು ಇದೆಯೋ ಇಲ್ಲವೋ ಕಾಗದ ನೋಡಿಯೇ ಮುಂದುವರಿಯಿರಿ, ಗಿರಾಕಿಯ ಬಾಯಿಮಾತು ನಂಬಬೇಡಿ. ಆಸ್ಪತ್ರೆ ಹತ್ತಿರವಿದ್ದರೆ ಆ ಕೆಲಸವನ್ನೇ ಒಪ್ಪಬೇಡಿ.

ಡಬ್ಬ ಎಷ್ಟಿವೆ ಎಂದು ಹೇಳಿಕೊಂಡು ತಿರುಗಬೇಡಿ. ಕಾರ್ಯಕ್ರಮ ಶುರುವಾದ ಮೇಲೆ ಮಿಕ್ಸರ್ ಬಿಟ್ಟು ಎದ್ದು ಕೊನೆಯ ಸಾಲಿಗೆ ನಡೆಯಿರಿ, ಅಲ್ಲಿ ಕೂತ ಮುದುಕಿಯನ್ನು “ಮಾತು ತಿಳೀತಾ ಅವ್ವಾ?” ಎಂದು ಕೇಳಿ. ಹೌದು ಎಂದರೆ ಅದಕ್ಕಿಂತ ಒಂದು ಗೆರೆಯೂ ಏರಿಸಬೇಡಿ.